ಸಣ್ಣ ಶಿಕ್ಷಣೋದ್ಯಮಕ್ಕೊಂದು ಜಾಲತಾಣ: ಹೆಸರು, ಹಕ್ಕು ಮತ್ತು ಹೊಣೆ

ಊರಿನಲ್ಲಿ ಮನೆ ಕಟ್ಟಿಸಬೇಕೆಂದಿರುವ ಗೃಹಸ್ಥನು ಮೊದಲು ನಿವೇಶನವನ್ನು ನೋಡುತ್ತಾನೆ. ನಿವೇಶನವು ಮನಸ್ಸಿಗೆ ಬಂದರೆ ಅದರ ಉತಾರವನ್ನು ತರಿಸಿ, ಅದು ಯಾರ ಹೆಸರಿನಲ್ಲಿದೆಯೆಂಬುದನ್ನು ಪರೀಕ್ಷಿಸುತ್ತಾನೆ. ಗವಂಡಿಯನ್ನು ಕರೆಯುವುದು ಆಮೇಲಿನ ಮಾತು. ಈ ಕ್ರಮವನ್ನು ನಮ್ಮ ಹಿರಿಯರಿಗೆ ಯಾವ ಶಾಲೆಯೂ ಹೇಳಿಕೊಡಲಿಲ್ಲ, ಅನುಭವವೇ ಕಲಿಸಿತು. ಆದರೆ ಅದೇ ಗೃಹಸ್ಥನ ಮಗನೋ ಮಗಳೋ ಓದು ಮುಗಿಸಿ, ಒಂದು ಸಣ್ಣ ಪಾಠಕೇಂದ್ರವನ್ನು ತೆರೆದು, ಅದಕ್ಕೊಂದು ಜಾಲತಾಣವನ್ನು ಮಾಡಿಸುವಾಗ ಈ ಕ್ರಮವು ತಲೆಕೆಳಗಾಗುವುದನ್ನು ಕಾಣುತ್ತೇವೆ. ಬಣ್ಣ, ಚಿತ್ರ, ಅಲಂಕಾರಗಳ ವಿಚಾರವೇ ಮೊದಲಾಗುತ್ತದೆ; ಜಾಲತಾಣದ ಹೆಸರು ಯಾರ ಸ್ವಾಧೀನದಲ್ಲಿದೆಯೆಂಬ ವಿಚಾರವು ತೊಂದರೆ ಬಂದೊದಗಿದ ಮೇಲೆ ಹೊರಬೀಳುತ್ತದೆ.

ಶಾಲೆ-ಕಾಲೇಜುಗಳಿಂದ ನಿವೃತ್ತರಾದ ಶಿಕ್ಷಕರು, ಪದವಿ ಪಡೆದ ತರುಣ-ತರುಣಿಯರು ಇಂದು ತಾಲೂಕು ಕೇಂದ್ರಗಳಲ್ಲಿಯೂ ದೊಡ್ಡ ಹಳ್ಳಿಗಳಲ್ಲಿಯೂ ಗಣಿತ-ವಿಜ್ಞಾನಗಳ ಪಾಠ, ಸಂಗೀತ ಶಿಕ್ಷಣ, ಗಣಕಯಂತ್ರದ ತರಬೇತಿ, ಸ್ಪರ್ಧಾತ್ಮಕ ಪರೀಕ್ಷೆಗಳ ಸಿದ್ಧತೆ ಮೊದಲಾದ ಉದ್ಯೋಗಗಳನ್ನು ನಡೆಯಿಸಿ ಗೌರವದಿಂದ ಜೀವನ ಸಾಗಿಸುತ್ತಿದ್ದಾರೆ. ಇಂಥ ಉದ್ಯಮಗಳಿಗೆ ಮೂಲ ಬಂಡವಾಳವೆಂದರೆ ಪಾಲಕರ ವಿಶ್ವಾಸ. ಹಿಂದೆ ಆ ವಿಶ್ವಾಸವು ಬಾಯಿಂದ ಬಾಯಿಗೆ ಹರಡುತ್ತಿದ್ದಿತು. ಇಂದು ಪಾಲಕನು ಮಗನನ್ನು ಸೇರಿಸುವ ಮುನ್ನ ಕೈಯಲ್ಲಿರುವ ಫೋನಿನಲ್ಲಿ ಆ ಕೇಂದ್ರದ ಹೆಸರನ್ನು ಹುಡುಕಿ ನೋಡುತ್ತಾನೆ. ಅಲ್ಲಿ ಅವನಿಗೆ ಏನು ಕಾಣುತ್ತದೆ, ಕಂಡದ್ದು ನಿಜವೆ, ಅದನ್ನು ಬರೆದವರು ಯಾರು ಎಂಬುದರ ಮೇಲೆ ಒಂದು ಕುಟುಂಬದ ಅನ್ನವೂ ಅನೇಕ ಮಕ್ಕಳ ಹಿತವೂ ನಿಂತಿರುವುದರಿಂದ, ಈ ವಿಷಯವನ್ನು ಕುರಿತು ಕೆಲವು ಮಾತುಗಳನ್ನು ಬರೆಯುವುದು ಉಚಿತವೆನಿಸುತ್ತದೆ.

ಮೂರು ಬೇರೆ ಬೇರೆ ಸಂಗತಿಗಳು

‘ಜಾಲತಾಣ’ ಎಂದು ನಾವು ಒಂದೇ ಮಾತಿನಲ್ಲಿ ಹೇಳುವುದರಲ್ಲಿ ವಾಸ್ತವವಾಗಿ ಮೂರು ಸಂಗತಿಗಳಿವೆ. ಮೊದಲನೆಯದು ಹೆಸರು, ಇದಕ್ಕೆ ಡೊಮೇನ್ ಎನ್ನುತ್ತಾರೆ. ಎರಡನೆಯದು ಪುಟಗಳನ್ನು ಇಟ್ಟಿರುವ ಸ್ಥಳ. ಸದಾಕಾಲ ಅಂತರಜಾಲಕ್ಕೆ ಜೋಡಿಸಲ್ಪಟ್ಟಿರುವ ಸರ್ವರ್ ಎಂಬ ಗಣಕಯಂತ್ರದಲ್ಲಿ ಈ ಸ್ಥಳವನ್ನು ಬಾಡಿಗೆಗೆ ಪಡೆಯುವುದಕ್ಕೆ ಹೋಸ್ಟಿಂಗ್ ಎಂದು ಹೆಸರು. ಮೂರನೆಯದು ಪುಟಗಳಲ್ಲಿರುವ ಬರಹ ಮತ್ತು ಚಿತ್ರಗಳು. ಈ ಮೂರನ್ನೂ ಒಬ್ಬನೇ ಒದಗಿಸಬಹುದು, ಮೂವರು ಬೇರೆ ಬೇರೆಯಾಗಿಯೂ ಒದಗಿಸಬಹುದು. ಇವುಗಳ ಭೇದವನ್ನು ತಿಳಿಯದವನಿಗೆ ತನ್ನದು ಯಾವುದು, ಪರರದು ಯಾವುದು ಎಂಬುದು ತಿಳಿಯಲಾರದು.

ಹೆಸರಿನ ವ್ಯವಸ್ಥೆಯು ಹುಟ್ಟಿದ ಬಗೆಯನ್ನು ನೋಡಿದರೆ ಈ ಮಾತು ಇನ್ನಷ್ಟು ಸ್ಪಷ್ಟವಾಗುತ್ತದೆ. ಗಣಕಯಂತ್ರಗಳು ಒಂದನ್ನೊಂದು ಗುರುತಿಸುವುದು ಅಂಕೆಗಳಿಂದ. ಮನುಷ್ಯರಿಗೆ ಅಂಕೆಗಳನ್ನು ನೆನಪಿಡುವುದು ಕಷ್ಟವಾದುದರಿಂದ ಅಂಕೆಗಳಿಗೆ ಬದಲಾಗಿ ಹೆಸರುಗಳನ್ನು ಬಳಸುವ ಪದ್ಧತಿ ಬಂದಿತು. ಆರಂಭದಲ್ಲಿ ಅಮೆರಿಕೆಯ ಸ್ಟ್ಯಾನ್‌ಫೋರ್ಡ್ ಸಂಶೋಧನ ಸಂಸ್ಥೆಯಲ್ಲಿ ಎಲ್ಲ ಯಂತ್ರಗಳ ಹೆಸರು ಮತ್ತು ಅಂಕೆಗಳ ಒಂದೇ ಒಂದು ಪಟ್ಟಿಯನ್ನು ಇಟ್ಟು, ಉಳಿದವರೆಲ್ಲರೂ ಅದನ್ನು ನಕಲು ಮಾಡಿಕೊಳ್ಳುತ್ತಿದ್ದರು. ಯಂತ್ರಗಳ ಸಂಖ್ಯೆ ಹೆಚ್ಚಿದಂತೆ ಆ ಪಟ್ಟಿಯು ನಿರ್ವಹಣೆಗೆ ಮೀರಿತು. ೧೯೮೩ರಲ್ಲಿ ಪಾಲ್ ಮೊಕಪೆಟ್ರಿಸ್ ಎಂಬ ವಿಜ್ಞಾನಿಯು ಪಟ್ಟಿಯನ್ನು ಹಂಚಿಕೊಳ್ಳುವ ವ್ಯವಸ್ಥೆಯನ್ನು ರೂಪಿಸಿದನು. ಊರಿನ ಲೆಕ್ಕವನ್ನು ಊರಿನಲ್ಲಿ, ತಾಲೂಕಿನ ಲೆಕ್ಕವನ್ನು ತಾಲೂಕಿನಲ್ಲಿ ಇಟ್ಟಂತೆ, ಆಯಾ ಹೆಸರಿನ ಲೆಕ್ಕವನ್ನು ಆಯಾ ಹಂತದಲ್ಲಿಯೇ ಇಡುವ ಕ್ರಮವಿದು. ಇಂದು ನಾವು ‘ಡಾಟ್ ಇನ್’ ಎಂದು ಕೊನೆಗೊಳ್ಳುವ ಹೆಸರೊಂದನ್ನು ಫೋನಿನಲ್ಲಿ ಬರೆದರೆ, ಪ್ರಶ್ನೆಯು ಮೊದಲು ಮೂಲ ಸರ್ವರಿಗೂ, ಅಲ್ಲಿಂದ ‘ಡಾಟ್ ಇನ್’ ಲೆಕ್ಕವನ್ನಿಟ್ಟ ಸರ್ವರಿಗೂ, ಅಲ್ಲಿಂದ ನಮ್ಮ ಹೆಸರಿನ ಲೆಕ್ಕವನ್ನಿಟ್ಟ ಸರ್ವರಿಗೂ ಹೋಗಿ, ಉತ್ತರವಾಗಿ ಅಂಕೆಯನ್ನು ತರುತ್ತದೆ. ಹಿಂದೆ ಕೇಳಿದ ಉತ್ತರವನ್ನು ಕೆಲಕಾಲ ನೆನಪಿನಲ್ಲಿಡುವ ಏರ್ಪಾಡೂ ಇರುವುದರಿಂದ, ಪ್ರತಿಸಲವೂ ಇಷ್ಟು ದೂರ ಹೋಗಬೇಕಾಗುವುದಿಲ್ಲ.

ಇದರಿಂದ ಉಂಟಾಗುವ ಪ್ರಯೋಜನವು ದೊಡ್ಡದು. ಸ್ಥಳವನ್ನು ಬಾಡಿಗೆ ಕೊಟ್ಟವನು ಬಾಡಿಗೆಯನ್ನು ಏರಿಸಿದರೆ ಅಥವಾ ಸರಿಯಾಗಿ ಸೇವೆ ಮಾಡದಿದ್ದರೆ, ಪುಟಗಳನ್ನು ಬೇರೆ ಸ್ಥಳಕ್ಕೆ ಒಯ್ದು, ಹೆಸರಿನ ಲೆಕ್ಕದಲ್ಲಿ ಹೊಸ ಅಂಕೆಯನ್ನು ಬರೆಯಿಸಿದರೆ ಸಾಕು. ಪಾಲಕರಿಗೆ ಹೆಸರು ಹಳೆಯದೇ; ಸ್ಥಳ ಬದಲಾದುದು ಅವರ ಗಮನಕ್ಕೆ ಬರುವುದೂ ಇಲ್ಲ. ಹೆಸರು ಮಾತ್ರ ಕೈತಪ್ಪಿದರೆ ಇದಾವುದೂ ಸಾಧ್ಯವಿಲ್ಲ. ಆದುದರಿಂದ ಮೂರರಲ್ಲಿ ಹೆಸರೇ ಮುಖ್ಯವೆಂಬುದು ನಿರ್ವಿವಾದ.

ಹೆಸರಿನ ಆಯ್ಕೆ

ನಮ್ಮ ದೇಶದ ಸಂಕೇತವಾದ ‘ಡಾಟ್ ಇನ್’ ಹೆಸರುಗಳ ಲೆಕ್ಕವನ್ನು ೨೦೦೩ರಲ್ಲಿ ಸ್ಥಾಪಿತವಾದ ನ್ಯಾಷನಲ್ ಇಂಟರ್ನೆಟ್ ಎಕ್ಸ್‌ಚೇಂಜ್ ಆಫ್ ಇಂಡಿಯಾ, ಅಂದರೆ ನಿಕ್ಸಿ, ನೋಡಿಕೊಳ್ಳುತ್ತದೆ. ೨೦೦೫ರ ಆರಂಭದಿಂದ ಈ ಹೆಸರುಗಳನ್ನು ಸಾರ್ವಜನಿಕರೆಲ್ಲರಿಗೂ ಮುಕ್ತಗೊಳಿಸಲಾಯಿತು. ನಿಕ್ಸಿಯಿಂದ ಮಾನ್ಯತೆ ಪಡೆದ ರಿಜಿಸ್ಟ್ರಾರುಗಳು ಇವುಗಳನ್ನು ವಾರ್ಷಿಕ ಶುಲ್ಕಕ್ಕೆ ಕೊಡುತ್ತಾರೆ. ‘ಡಾಟ್ ಎಸಿ ಡಾಟ್ ಇನ್’ ಮತ್ತು ‘ಡಾಟ್ ಎಜು ಡಾಟ್ ಇನ್’ ಎಂಬ ಕೊನೆಗಳು ಮಾತ್ರ ನಿಗದಿತ ಅರ್ಹತೆಯುಳ್ಳ ವಿದ್ಯಾಸಂಸ್ಥೆಗಳಿಗೆ ಕಾಯ್ದಿರಿಸಲ್ಪಟ್ಟಿದ್ದು, ದಾಖಲೆಗಳನ್ನು ಒಪ್ಪಿಸಿ ಅರ್ನೆಟ್ ಇಂಡಿಯಾದ ಮುಖಾಂತರವೇ ಅವನ್ನು ಪಡೆಯಬೇಕಾಗುತ್ತದೆ. ಮನೆಯ ಪಡಸಾಲೆಯಲ್ಲಿ ಪಾಠ ಹೇಳುವವರು ಇವುಗಳಿಗೆ ಆಸೆಪಡದೆ ‘ಡಾಟ್ ಇನ್’ ಅಥವಾ ‘ಡಾಟ್ ಕಾಮ್’ ಹೆಸರನ್ನು ಪಡೆದರೆ ಸಾಕಾಗುತ್ತದೆ. ಕನ್ನಡ ಲಿಪಿಯಲ್ಲಿಯೇ ‘ಡಾಟ್ ಭಾರತ’ ಎಂದು ಕೊನೆಗೊಳ್ಳುವ ಹೆಸರನ್ನು ಪಡೆಯುವ ಅವಕಾಶವೂ ಈಗ ಇದೆಯೆಂಬುದು ಸಂತೋಷದ ಸಂಗತಿ. ಆದರೆ ಅನೇಕ ಕಡೆ ಈಮೇಲ್ ಮತ್ತು ಅರ್ಜಿ ನಮೂನೆಗಳು ಕನ್ನಡ ಲಿಪಿಯ ವಿಳಾಸವನ್ನು ಒಪ್ಪದೆ ತಿರುಗಿಸುವುದುಂಟಾದ್ದರಿಂದ, ರೋಮನ್ ಲಿಪಿಯ ಹೆಸರಿನ ಜೊತೆಗೆ ಇದನ್ನು ಇಟ್ಟುಕೊಳ್ಳುವುದು ಲೇಸು.

ರೋಮನ್ ಲಿಪಿಯಲ್ಲಿ ಕನ್ನಡ ಹೆಸರನ್ನು ಬರೆಯುವಲ್ಲಿ ನಮ್ಮವರಿಗೆ ವಿಶೇಷವಾದ ತೊಡಕೊಂದಿದೆ. ‘ಜ್ಞಾನ’ ಎಂಬ ಒಂದು ಪದವನ್ನೇ ತೆಗೆದುಕೊಳ್ಳಿರಿ. ಒಬ್ಬರು ಅದನ್ನು ‘ಜೆ-ಎನ್’ ಎಂದು ಆರಂಭಿಸಿದರೆ, ಇನ್ನೊಬ್ಬರು ‘ಜಿ-ಎನ್’ ಎನ್ನುತ್ತಾರೆ. ಮರಾಠಿಯ ಬಳಕೆಯಿರುವ ಗಡಿಭಾಗದವರು ‘ಡಿ-ಎನ್-ವೈ’ ಎಂದು ಬರೆಯುತ್ತಾರೆ. ‘ವಿದ್ಯಾ’ ಎಂಬುದರ ಕೊನೆಗೆ ‘ಎ’ ಒಂದೋ ಎರಡೋ? ‘ಶ್ರೀ’ಗೆ ‘ಐ’ ಬೇಕೋ ಎರಡು ‘ಇ’ ಬೇಕೋ? ಪಾಲಕನು ಕಿವಿಯಿಂದ ಕೇಳಿ ಬೆರಳಿನಿಂದ ಬರೆಯುವನಾದುದರಿಂದ, ಒಂದೇ ರೀತಿಯಾಗಿ ಬರೆಯಲು ಬರುವ ಹೆಸರನ್ನು ಆರಿಸಬೇಕು. ಇದಕ್ಕೆ ಸುಲಭವಾದ ಪರೀಕ್ಷೆಯೊಂದಿದೆ. ಹೆಸರನ್ನು ಫೋನಿನಲ್ಲಿ ಐದು ಜನ ಪರಿಚಿತರಿಗೆ ಹೇಳಿ, ಬರೆದು ಕಳುಹಿಸುವಂತೆ ಕೇಳಬೇಕು. ಐವರೂ ಒಂದೇ ಬಗೆಯಾಗಿ ಬರೆದರೆ ಹೆಸರು ಒಳ್ಳೆಯದು. ಬೇರೆ ಬೇರೆಯಾಗಿ ಬರೆದರೆ ಹೆಸರನ್ನು ಬದಲಿಸಬೇಕು, ಇಲ್ಲವೆ ಎರಡೂ ರೂಪಗಳನ್ನು ಕೊಂಡುಕೊಳ್ಳಬೇಕು. ಹೆಸರಿನ ಒಂದು ಭಾಗದಲ್ಲಿ ೬೩ ಅಕ್ಷರಗಳವರೆಗೆ ಅವಕಾಶವಿದೆಯಾದರೂ, ಹತ್ತು-ಹದಿನೈದಕ್ಕೆ ಮೀರದಿರುವುದು ಹಿತಕರ. ಪ್ರಸಿದ್ಧ ಸಂಸ್ಥೆಗಳ ಹೆಸರನ್ನು ಹೋಲುವ ಹೆಸರನ್ನು ಇಟ್ಟುಕೊಂಡರೆ ದಾವೆಗೆ ಆಹ್ವಾನ ಕೊಟ್ಟಂತೆಯೇ ಸರಿ.

ಹೆಸರಿನ ಒಡೆತನ

ಈಗ ಮುಖ್ಯವಾದ ಮಾತಿಗೆ ಬರೋಣ. ಡೊಮೇನ್ ಹೆಸರನ್ನು ಯಾರೂ ಶಾಶ್ವತವಾಗಿ ಕ್ರಯಕ್ಕೆ ಪಡೆಯಲಾರರು. ಒಂದರಿಂದ ಹತ್ತು ವರ್ಷಗಳವರೆಗೆ ಅದನ್ನು ತಮ್ಮ ಹೆಸರಿನಲ್ಲಿ ನೋಂದಾಯಿಸಿ, ಅವಧಿ ತೀರುವ ಮುನ್ನ ನವೀಕರಿಸುತ್ತ ಹೋಗಬೇಕು. ನೋಂದಣಿಯಲ್ಲಿ ಯಾರ ಹೆಸರು, ಯಾರ ಈಮೇಲ್, ಯಾರ ಫೋನ್ ಸಂಖ್ಯೆ ಇದೆಯೋ ಅವರೇ ಅದರ ಹಕ್ಕುದಾರರು. ಹಣವನ್ನು ಯಾರು ಕೊಟ್ಟರೆಂಬುದು ಅಲ್ಲಿ ದಾಖಲಾಗುವುದಿಲ್ಲ.

ಒಂದು ಉದಾಹರಣೆಯನ್ನು ಊಹಿಸಿಕೊಳ್ಳೋಣ. ನಿವೃತ್ತ ಗಣಿತ ಶಿಕ್ಷಕರೊಬ್ಬರು ತಮ್ಮ ಪಾಠಕೇಂದ್ರಕ್ಕೆ ಜಾಲತಾಣ ಮಾಡಿಕೊಡಲು ತಮ್ಮ ಶಿಷ್ಯನೇ ಆದ ತರುಣನಿಗೆ ಹೇಳುತ್ತಾರೆ. ಅವನು ಗುರುಗಳ ಮೇಲಿನ ಭಕ್ತಿಯಿಂದ, ಕೆಲಸ ಬೇಗ ಆಗಲೆಂದು, ತನ್ನ ಈಮೇಲಿನಿಂದಲೇ ಹೆಸರನ್ನು ನೋಂದಾಯಿಸುತ್ತಾನೆ. ಎರಡು ವರ್ಷಗಳ ತರುವಾಯ ಅವನಿಗೆ ಪುಣೆಯಲ್ಲಿ ನೌಕರಿ ಸಿಕ್ಕುತ್ತದೆ. ಹಳೆಯ ಈಮೇಲನ್ನು ಅವನು ನೋಡುವುದಿಲ್ಲ. ನವೀಕರಣದ ಸೂಚನೆಗಳು ಅಲ್ಲಿಗೇ ಬಂದು ಬಿದ್ದಿರುತ್ತವೆ. ಅವಧಿ ತೀರಿ ಹೆಸರು ಹರಾಜಿಗೆ ಬರುತ್ತದೆ. ಎಲ್ಲಿಯವನೋ ಒಬ್ಬನು ಅದನ್ನು ಕೊಂಡು ಜೂಜಿನ ಜಾಹೀರಾತುಗಳನ್ನು ಹಾಕುತ್ತಾನೆ. ಗುರುಗಳ ಕರಪತ್ರಗಳಲ್ಲಿಯೂ ಫಲಕದಲ್ಲಿಯೂ ಇರುವ ವಿಳಾಸವನ್ನು ಪಾಲಕರು ತೆರೆದಾಗ ಕಾಣುವುದು ಆ ಜಾಹೀರಾತು. ಇಲ್ಲಿ ಯಾರೂ ಕೆಟ್ಟವರಲ್ಲ. ಗುರುಗಳು ಮೋಸ ಮಾಡಲಿಲ್ಲ, ಶಿಷ್ಯನೂ ಮಾಡಲಿಲ್ಲ. ಆದರೂ ಮೂವತ್ತು ವರ್ಷಗಳ ಸೇವೆಯಿಂದ ಗಳಿಸಿದ ಹೆಸರಿಗೆ ಮಸಿ ಹತ್ತಿತು.

ಇಂಥ ಮರೆವು ದೊಡ್ಡವರನ್ನೂ ಬಿಟ್ಟಿಲ್ಲ. ೧೯೯೯ರ ಡಿಸೆಂಬರಿನಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯು ‘ಪಾಸ್‌ಪೋರ್ಟ್ ಡಾಟ್ ಕಾಮ್’ ಎಂಬ ಹೆಸರಿನ ೩೫ ಡಾಲರ್ ನವೀಕರಣ ಶುಲ್ಕವನ್ನು ತುಂಬಲು ಮರೆತುದರಿಂದ, ಹಾಟ್‌ಮೇಲ್ ಬಳಸುತ್ತಿದ್ದ ಅನೇಕರಿಗೆ ತಮ್ಮ ಪತ್ರಗಳನ್ನು ತೆರೆಯಲಾಗಲಿಲ್ಲ. ಕೊನೆಗೆ ಸಂಬಂಧವಿಲ್ಲದ ಪ್ರೋಗ್ರಾಮರನೊಬ್ಬನು ತನ್ನ ಕೈಯಿಂದ ಆ ಹಣವನ್ನು ತುಂಬಿದನು. ೨೦೧೫ರ ಸೆಪ್ಟೆಂಬರಿನಲ್ಲಿ ಗುಜರಾತಿನ ಕಛ್ ಪ್ರದೇಶದ ಮಾಂಡವಿ ಮೂಲದ ಯುವಕನೊಬ್ಬನಿಗೆ ‘ಗೂಗಲ್ ಡಾಟ್ ಕಾಮ್’ ಎಂಬ ಹೆಸರೇ ಮಾರಾಟಕ್ಕಿರುವಂತೆ ತೋರಲು, ಅವನು ೧೨ ಡಾಲರಿಗೆ ಅದನ್ನು ಕೊಂಡನು; ಸುಮಾರು ಒಂದು ನಿಮಿಷದಲ್ಲಿ ಆ ವ್ಯವಹಾರವು ರದ್ದಾಯಿತು. ಸಂಸ್ಥೆಯು ಅವನಿಗೆ ೬೦೦೬.೧೩ ಡಾಲರ್ ಬಹುಮಾನವನ್ನು ಗೊತ್ತುಪಡಿಸಿತು. ಅವನು ಅದನ್ನು ಭಾರತದ ಮಕ್ಕಳ ಶಿಕ್ಷಣಕ್ಕಾಗಿ ದಾನ ಮಾಡುವುದಾಗಿ ತಿಳಿಸಿದಾಗ ಮೊತ್ತವನ್ನು ಇಮ್ಮಡಿಗೊಳಿಸಿತು. ಆ ಹೆಸರು ಸಜ್ಜನನ ಕೈಗೆ ಸಿಕ್ಕಿದ್ದರಿಂದ ಕಥೆ ಸುಖಾಂತವಾಯಿತು. ಎಲ್ಲರಿಗೂ ಆ ಭಾಗ್ಯವಿರುವುದಿಲ್ಲ.

ಆದುದರಿಂದ ನಾಲ್ಕು ಎಚ್ಚರಿಕೆಗಳು ಅವಶ್ಯ. ಹೆಸರನ್ನು ಉದ್ಯಮದ ಒಡೆಯನ ಹೆಸರಿನಲ್ಲಿಯೇ, ಅವನೇ ದಿನನಿತ್ಯ ನೋಡುವ ಈಮೇಲಿನಿಂದ ನೋಂದಾಯಿಸಬೇಕು. ಆ ಈಮೇಲ್ ವಿಳಾಸವು ಅದೇ ಡೊಮೇನಿನದಾಗಿರಬಾರದು. ಏಕೆಂದರೆ ಹೆಸರು ನಿಂತುಹೋದ ದಿನ ಆ ಈಮೇಲೂ ನಿಂತುಹೋಗುತ್ತದೆ. ಸಾಧ್ಯವಾದರೆ ಐದು ಅಥವಾ ಹತ್ತು ವರ್ಷಗಳ ಶುಲ್ಕವನ್ನು ಒಮ್ಮೆಗೇ ತುಂಬಬೇಕು. ನವೀಕರಣದ ಹೆಸರಿನಲ್ಲಿ ಬರುವ ಎಲ್ಲ ಪತ್ರಗಳನ್ನೂ ನಂಬಬಾರದು. ನೋಂದಣಿಯ ತಾರೀಖನ್ನು ನೋಡಿ, ಹೆದರಿಸುವ ಸುಳ್ಳು ಪತ್ರಗಳನ್ನು ಕಳುಹಿಸಿ ಹಣ ಕೀಳುವವರಿದ್ದಾರೆ. ಸ್ವತಃ ರಿಜಿಸ್ಟ್ರಾರನ ಖಾತೆಯನ್ನು ತೆರೆದು ನೋಡಿಯೇ ಹಣ ಕಟ್ಟಬೇಕು. ಒಂದು ವೇಳೆ ಅವಧಿ ತೀರಿದರೂ ಒಡನೆಯೇ ಎದೆಗುಂದಬೇಕಾಗಿಲ್ಲ. ‘ಡಾಟ್ ಕಾಮ್’ ಮೊದಲಾದ ಹೆಸರುಗಳನ್ನು ರಿಜಿಸ್ಟ್ರಾರನು ಅಳಿಸಿದ ಮೇಲೂ, ೩೦ ದಿನಗಳ ಒಳಗೆ ಹೆಚ್ಚಿನ ದಂಡ ತೆತ್ತು ಬಿಡಿಸಿಕೊಳ್ಳಲು ಬರುತ್ತದೆ. ಆದರೆ ಅಳಿಸುವ ಮೊದಲೇ ರಿಜಿಸ್ಟ್ರಾರನು ಹೆಸರನ್ನು ಹರಾಜಿಗೆ ಹಾಕುವುದೂ ಉಂಟಾದ್ದರಿಂದ ತಡಮಾಡುವುದು ಅಪಾಯ.

ಸ್ಥಳ ಮತ್ತು ನಿರ್ಮಾಣ

‘ಫೇಸ್‌ಬುಕ್ ಪುಟವಿದೆ, ವಾಟ್ಸ್‌ಆ್ಯಪ್ ಗುಂಪಿದೆ, ಇನ್ನು ಜಾಲತಾಣವೇಕೆ?’ ಎಂದು ಕೇಳುವವರಿದ್ದಾರೆ. ಅವು ಉಪಯುಕ್ತವೆಂಬುದರಲ್ಲಿ ಸಂಶಯವಿಲ್ಲ. ಆದರೆ ಅವು ಪರರ ಜಗುಲಿಗಳು. ಜಗುಲಿಯ ಒಡೆಯನು ಎದ್ದು ಹೋಗೆಂದರೆ ಹೋಗಲೇಬೇಕು. ಒಂದು ಕಾಲದಲ್ಲಿ ಲಕ್ಷಾಂತರ ಜನರು ಜಿಯೋಸಿಟೀಸ್ ಎಂಬ ಕಡೆ ಉಚಿತವಾಗಿ ಪುಟಗಳನ್ನು ಕಟ್ಟಿಕೊಂಡಿದ್ದರು. ೨೦೦೯ರ ಅಕ್ಟೋಬರಿನಲ್ಲಿ ಯಾಹೂ ಸಂಸ್ಥೆಯು ಅದನ್ನು ಮುಚ್ಚಿದಾಗ ಆ ವಿಳಾಸಗಳೆಲ್ಲ ಒಮ್ಮೆಗೇ ನಿರುಪಯುಕ್ತವಾದವು. ಸ್ವಂತ ಹೆಸರಿದ್ದವನು ಮಾತ್ರ ಇಂಥ ಸಂದರ್ಭದಲ್ಲಿ ಬೇರೆಡೆಗೆ ಹೋಗಿ ನೆಲೆಸಬಲ್ಲನು. ಪುಟಗಳ ಪ್ರತಿಯೊಂದನ್ನು ತನ್ನ ಬಳಿಯೂ ಇಟ್ಟುಕೊಂಡಿದ್ದರೆ ಮಾತ್ರ.

ಸಣ್ಣ ಕೇಂದ್ರಕ್ಕೆ ನಾಲ್ಕೈದು ಸರಳ ಪುಟಗಳು ಸಾಕು. ಪಾಲಕರಲ್ಲಿ ಬಹುತೇಕರು ಸಣ್ಣ ಫೋನಿನಲ್ಲಿ ನೋಡುವವರಾದುದರಿಂದ ಭಾರವಾದ ಚಿತ್ರಗಳನ್ನು ಕಡಿಮೆ ಮಾಡಬೇಕು. ಪುಟಕ್ಕೂ ಓದುಗನಿಗೂ ನಡುವೆ ಹರಿಯುವ ಮಾಹಿತಿಯನ್ನು ಗೂಢಲಿಪಿಯಲ್ಲಿ ಕಳುಹಿಸಲು ಅವಕಾಶ ಮಾಡುವ ಪ್ರಮಾಣಪತ್ರವನ್ನು ಪಡೆಯುವುದು ಅಗತ್ಯ. ೨೦೧೮ರ ಜುಲೈಯಿಂದ ಕ್ರೋಮ್ ಬ್ರೌಸರು ಅದಿಲ್ಲದ ತಾಣಗಳ ಮೇಲೆ ‘ಸುರಕ್ಷಿತವಲ್ಲ’ ಎಂಬ ಗುರುತನ್ನು ತೋರಿಸತೊಡಗಿತು. ೨೦೧೫ರ ಕೊನೆಯಿಂದ ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಲಾಭೋದ್ದೇಶವಿಲ್ಲದ ವ್ಯವಸ್ಥೆಯು ಇದನ್ನು ಉಚಿತವಾಗಿಯೇ ಕೊಡುತ್ತಿರುವುದರಿಂದ, ಇದಕ್ಕಾಗಿ ದೊಡ್ಡ ಮೊತ್ತವನ್ನು ಕೇಳುವವರನ್ನು ಪ್ರಶ್ನಿಸಬಹುದು.

ಕನ್ನಡದಲ್ಲಿ ಬರೆಯುವವರು ಇನ್ನೊಂದು ಅಂಶವನ್ನು ಗಮನಿಸಬೇಕು. ಜಗತ್ತಿನ ಲಿಪಿಗಳಿಗೆಲ್ಲ ಒಂದೇ ಸಂಕೇತಮಾಲೆಯನ್ನು ಒದಗಿಸುವ ಯುನಿಕೋಡಿನಲ್ಲಿ ಕನ್ನಡಕ್ಕೆ ೧೯೯೧ರಿಂದಲೇ ಸ್ಥಾನವಿದೆ. ಆದರೂ ಮುದ್ರಣಾಲಯಗಳಲ್ಲಿ ಹಳೆಯ ಸಂಕೇತಗಳ ಅಕ್ಷರಗಳು ಈಗಲೂ ಬಳಕೆಯಲ್ಲಿವೆ. ಅವುಗಳಲ್ಲಿ ಟೈಪು ಮಾಡಿದ ಬರಹವನ್ನು ಜಾಲತಾಣಕ್ಕೆ ಹಾಕಿದರೆ ಓದುಗನ ಫೋನಿನಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತದೆ. ಆ ತೊಂದರೆ ಬೇಡವೆಂದು ಕರಪತ್ರದ ಚಿತ್ರವನ್ನೇ ತೆಗೆದು ಹಾಕುವವರಿದ್ದಾರೆ. ಹಾಗೆ ಮಾಡಿದರೆ ಹುಡುಕುವ ಯಂತ್ರಗಳಿಗೆ ಅದು ಸರಿಯಾಗಿ ಸಿಕ್ಕುವುದಿಲ್ಲ. ಬರಹವನ್ನು ಗಟ್ಟಿಯಾಗಿ ಓದಿಸಿ ಕೇಳುವ ಅಂಧ ಪಾಲಕರಿಗೂ ಅದು ಮೂಕವಾಗಿಬಿಡುತ್ತದೆ. ಯುನಿಕೋಡಿನಲ್ಲಿ ಟೈಪು ಮಾಡುವುದೇ ಇದಕ್ಕೆ ಪರಿಹಾರ.

ಏನನ್ನು ಬರೆಯಬೇಕು, ಏನನ್ನು ಬರೆಯಬಾರದು

ಜಾಲತಾಣವು ಅಲಂಕಾರಕ್ಕಷ್ಟೇ ಅಲ್ಲ, ಲೆಕ್ಕ ಒಪ್ಪಿಸುವುದಕ್ಕೂ ಇರುವುದೆಂಬುದನ್ನು ಸರ್ಕಾರವೂ ಈಗ ಮನಗಂಡಿದೆ. ೨೦೨೪ರ ಜನವರಿಯಲ್ಲಿ ಕೇಂದ್ರ ಶಿಕ್ಷಣ ಸಚಿವಾಲಯವು ರಾಜ್ಯಗಳಿಗೆ ಕಳುಹಿಸಿದ ಮಾರ್ಗಸೂಚಿಯಲ್ಲಿ, ೫೦ಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಕೋಚಿಂಗ್ ಕೇಂದ್ರವು ಜಾಲತಾಣವೊಂದನ್ನು ಇಟ್ಟಿರಬೇಕೆಂದೂ, ಅದರಲ್ಲಿ ಬೋಧಕರ ವಿದ್ಯಾರ್ಹತೆ, ಪಠ್ಯಕ್ರಮ, ಅವಧಿ, ಶುಲ್ಕ, ನಡುವೆ ಬಿಟ್ಟುಹೋಗುವ ಮತ್ತು ಹಣ ಮರಳಿಸುವ ನಿಯಮ, ಕಲಿತವರ ಸಂಖ್ಯೆ, ಪ್ರವೇಶ ಪಡೆದವರ ಸಂಖ್ಯೆ ಇವುಗಳನ್ನು ಕಾಲಕಾಲಕ್ಕೆ ತಿದ್ದಿ ಪ್ರಕಟಿಸಬೇಕೆಂದೂ ಹೇಳಿದೆ. ಇಪ್ಪತ್ತೇ ಮಕ್ಕಳಿರುವ ಕೇಂದ್ರಕ್ಕೂ ಈ ಪಟ್ಟಿಯು ಒಳ್ಳೆಯ ಮಾದರಿ. ಪಾಲಕನು ಕೇಳಬೇಕೆಂದಿದ್ದೂ ಸಂಕೋಚದಿಂದ ಕೇಳಲಾರದ ಪ್ರಶ್ನೆಗಳಿಗೆಲ್ಲ ಇದರಲ್ಲಿ ಉತ್ತರವಿದೆ. ಕರ್ನಾಟಕ ಶಿಕ್ಷಣ ಅಧಿನಿಯಮ, ೧೯೮೩ ಟ್ಯುಟೋರಿಯಲ್ ಸಂಸ್ಥೆಗಳ ನೋಂದಣಿಯನ್ನು ವಿಧಿಸುತ್ತದೆ. ನೋಂದಣಿಯಾಗಿದ್ದರೆ ಅದರ ಸಂಖ್ಯೆಯನ್ನೂ ಪ್ರಕಟಿಸುವುದು ವಿಶ್ವಾಸಕ್ಕೆ ಸಾಧಕ.

ಇನ್ನು ಬರೆಯಬಾರದವು. ‘ನೂರಕ್ಕೆ ನೂರು ಫಲಿತಾಂಶದ ಭರವಸೆ’ ಎಂಬ ಮಾತನ್ನು ಪ್ರಾಮಾಣಿಕ ಶಿಕ್ಷಕನು ಎಂದೂ ಆಡಲಾರನು. ೨೦೨೪ರ ನವೆಂಬರಿನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು ಕೋಚಿಂಗ್ ಕ್ಷೇತ್ರದ ದಾರಿತಪ್ಪಿಸುವ ಜಾಹೀರಾತುಗಳ ವಿರುದ್ಧ ಹೊರಡಿಸಿದ ಮಾರ್ಗಸೂಚಿಯು ಇಂಥ ಭರವಸೆಗಳನ್ನು ನಿಷೇಧಿಸಿದೆ. ಅಷ್ಟೇ ಅಲ್ಲ, ಯಶಸ್ವಿಯಾದ ವಿದ್ಯಾರ್ಥಿಯ ಹೆಸರನ್ನೂ ಭಾವಚಿತ್ರವನ್ನೂ ಬಳಸಬೇಕಾದರೆ, ಅವನು ಯಶಸ್ಸು ಪಡೆದ ನಂತರ ಲಿಖಿತ ಒಪ್ಪಿಗೆಯನ್ನು ಪಡೆಯಬೇಕೆಂದೂ ವಿಧಿಸಿದೆ. ಪ್ರವೇಶದ ದಿನವೇ ಒಪ್ಪಿಗೆಯ ಸಹಿ ಮಾಡಿಸಿಕೊಂಡರೆ ಅದು ಸಲ್ಲುವುದಿಲ್ಲ.

ಮಕ್ಕಳ ವಿಷಯದಲ್ಲಂತೂ ಹೆಚ್ಚಿನ ಎಚ್ಚರ ಬೇಕು. ೨೦೨೩ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮದ ಮೇರೆಗೆ ೧೮ ವರ್ಷ ತುಂಬದವರೆಲ್ಲ ಮಕ್ಕಳೇ. ಅವರ ವಿವರಗಳನ್ನು ಸಂಗ್ರಹಿಸಲು ತಂದೆ-ತಾಯಿಯರ ಪರಿಶೀಲಿಸಬಹುದಾದ ಒಪ್ಪಿಗೆ ಬೇಕು. ಇದರ ನಿಯಮಗಳು ೨೦೨೫ರ ನವೆಂಬರಿನಲ್ಲಿ ಪ್ರಕಟವಾಗಿ, ಹಂತಹಂತವಾಗಿ ಜಾರಿಗೆ ಬರುವಂತೆ ವಿಧಿಸಲ್ಪಟ್ಟಿವೆ. ಪ್ರವೇಶದ ನಮೂನೆಯಲ್ಲಿ ಆಧಾರ್ ಸಂಖ್ಯೆ, ಜಾತಿ, ಮನೆಯ ಆದಾಯ ಎಂದು ಕಂಡದ್ದನ್ನೆಲ್ಲ ಕೇಳುವ ಅಭ್ಯಾಸವನ್ನು ಬಿಟ್ಟು, ಪಾಠಕ್ಕೆ ಅವಶ್ಯವಾದ ಹೆಸರು, ತರಗತಿ, ಪಾಲಕರ ಫೋನ್ ಇಷ್ಟನ್ನೇ ಕೇಳುವುದು ವಿವೇಕ. ಕೇಳಿ ಪಡೆಯದ ವಿವರವು ಕಳುವಾಗುವ ಭಯವೂ ಇಲ್ಲ.

ವರ್ಷಕ್ಕೊಮ್ಮೆಯ ಕರ್ತವ್ಯ

ಕೊನೆಯದಾಗಿ, ಪ್ರತಿಯೊಂದು ಕೇಂದ್ರವೂ ಒಂದು ದಫ್ತರವನ್ನು ಇಡುವುದು ಯೋಗ್ಯ. ಹೆಸರು ಯಾವ ರಿಜಿಸ್ಟ್ರಾರನ ಬಳಿ ಇದೆ, ಅವಧಿ ತೀರುವ ತಾರೀಖು ಯಾವುದು, ಸ್ಥಳ ಎಲ್ಲಿದೆ, ಪುಟಗಳ ಪ್ರತಿ ಎಲ್ಲಿದೆ, ಪಾಸ್‌ವರ್ಡುಗಳು ಎಲ್ಲಿ ಭದ್ರವಾಗಿವೆ ಎಂಬುದನ್ನು ಅದರಲ್ಲಿ ಬರೆದು, ಒಡೆಯನಲ್ಲದೆ ಕುಟುಂಬದ ಇನ್ನೊಬ್ಬ ನಂಬಿಕಸ್ಥರಿಗೂ ತಿಳಿಸಿರಬೇಕು. ಆಯುಷ್ಯವು ಯಾರ ಕೈಯಲ್ಲಿಯೂ ಇಲ್ಲ. ಒಡೆಯನೊಂದಿಗೆ ಪಾಸ್‌ವರ್ಡೂ ಹೋಗಿಬಿಟ್ಟರೆ ಉಳಿದವರು ಹೆಸರಿಗಾಗಿ ಪರದಾಡಬೇಕಾಗುತ್ತದೆ. ಶೈಕ್ಷಣಿಕ ವರ್ಷ ಆರಂಭವಾಗುವ ಜೂನ್ ತಿಂಗಳಿನಲ್ಲಿ ಒಮ್ಮೆ ಆ ದಫ್ತರವನ್ನು ತೆಗೆದು, ಶುಲ್ಕ, ವೇಳಾಪಟ್ಟಿ, ಬೋಧಕರ ಹೆಸರುಗಳನ್ನು ತಿದ್ದಿದರೆ ಜಾಲತಾಣವು ಜೀವಂತವಾಗಿರುತ್ತದೆ. ಹೋದ ವರ್ಷದ ಶುಲ್ಕವನ್ನು ತೋರಿಸುವ ಪುಟವು ಪಾಲಕನ ಮನಸ್ಸಿನಲ್ಲಿ ಸಂಶಯವನ್ನು ಬಿತ್ತುವುದಲ್ಲದೆ ಬೇರೇನನ್ನೂ ಮಾಡಲಾರದು.

ಗಣಕಯಂತ್ರದ ವೃತ್ತಿಯಲ್ಲಿ ತೊಡಗಿ ಬೆಂಗಳೂರಿನಲ್ಲಿಯೂ ಪರದೇಶಗಳಲ್ಲಿಯೂ ನೆಲೆಸಿರುವ ಹಳೆಯ ವಿದ್ಯಾರ್ಥಿ ಬಾಂಧವರಲ್ಲಿ ಒಂದು ವಿನಂತಿ. ರಜೆಗೆ ಊರಿಗೆ ಬಂದಾಗ, ತಮಗೆ ಪಾಠ ಹೇಳಿದ ಹಿರಿಯರೊಬ್ಬರು ಇಂಥ ಕೇಂದ್ರವನ್ನು ನಡೆಸುತ್ತಿದ್ದರೆ, ಒಂದು ಸಾಯಂಕಾಲ ಅವರ ಬಳಿ ಕುಳಿತು ಅವರ ಹೆಸರಿನ ನೋಂದಣಿ ಯಾರಲ್ಲಿದೆಯೆಂಬುದನ್ನು ನೋಡಿ, ಅದನ್ನು ಅವರ ಹೆಸರಿಗೇ ಮಾಡಿಕೊಡಿರಿ. ದಾನಿಗಳಾದ ಮಹನೀಯರು ಬಡ ಶಿಕ್ಷಕರಿಗೆ ಗಣಕಯಂತ್ರವನ್ನು ಕೊಡಿಸುವಾಗ ಹತ್ತು ವರ್ಷಗಳ ನವೀಕರಣ ಶುಲ್ಕವನ್ನೂ ಸೇರಿಸಿ ಕೊಟ್ಟರೆ, ಯಂತ್ರವು ಹಳೆಯದಾಗಿ ಮೂಲೆ ಸೇರಿದ ಮೇಲೂ ಆ ಹೆಸರು ನಿಂತಿರುತ್ತದೆ. ವೆಚ್ಚವು ಅಲ್ಪ, ಅದರಿಂದ ಉಳಿಯುವುದು ಒಬ್ಬ ಶಿಕ್ಷಕನು ಜೀವಮಾನವೆಲ್ಲ ದುಡಿದು ಗಳಿಸಿದ ಹೆಸರು.